ಬಲಗಡೆ ಬಿದ್ದ ಹೂ

ಪ್ರತಿ ವರ್ಷ ಹತ್ತನೆಯ ತರಗತಿಯ ಫಲಿತಾಂಶ ಬಂದ ಮರುದಿನದಿಂದ, ಪಾಸಾದ ಮಕ್ಕಳ ಕಾಲೇಜಿನ ಅರ್ಜಿ ತುಂಬಿಕೊಡಲು, ನಮ್ಮ ಶಾಲೆಯ ಜಗಲಿಯ ಮೇಲೆ ನಾನೊಂದು ಬೆಂಚು ಹಾಕಿಸಿಕೊಂಡು ಕೂರುತ್ತೇನೆ. ತಂಬ್ರಹಳ್ಳಿ ಕಡೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆ ಅದು. ನಾನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಬೇಸಿಗೆ ರಜೆಯಲ್ಲಿ ಕೂರು ಎಂದು ಯಾರೂ ಆದೇಶ ಮಾಡಿಲ್ಲ. ಜನ ಇದನ್ನು ಸೇವೆ ಅನ್ನುತ್ತಾರೆ. ಹೋದ ವರ್ಷ ಒಂದು ಶಾಲು ಹೊದಿಸಿ, ಹಾರ ಹಾಕಿ, ನನ್ನ ದೊಡ್ಡ ಮನಸ್ಸಿನ ಬಗ್ಗೆ ಭಾಷಣ ಮಾಡಿದರು. ನನಗೆ ದೊಡ್ಡ ಮನಸ್ಸು ಇಲ್ಲ. ನಾನು ಅಲ್ಲಿ ಕೂರುವುದು ಸೇಡಿಗೆ.

ಯಾರ ಮೇಲಿನ ಸೇಡು ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನ ಚಿಕ್ಕಪ್ಪನ ಮೇಲೆ, ಅಪ್ಪನ ಒಡಹುಟ್ಟಿದ ತಮ್ಮನ ಮೇಲೆ.

ನಮ್ಮದು ಕೋಗಳಿಯಿಂದ ಆಚೆ ಒಂದು ಸಣ್ಣ ಊರು, ಕುರಿ ಸಾಕುವ ಮನೆತನ. ಅಪ್ಪ ಅವ್ವ ವರ್ಷದ ಅರ್ಧ ಭಾಗ ಕುರಿ ಹಿಂಡಿನ ಜೊತೆ ಸಿರುಗುಪ್ಪ ಕಡೆಯ ಗದ್ದೆ ಬಯಲಿನಲ್ಲಿರುತ್ತಿದ್ದರು. ಮಳೆಗಾಲ ಹಿಡಿದ ಮೇಲೆಯೇ ಊರಿಗೆ ಬರುವುದು. ಅಷ್ಟು ದಿನ ನಾನು ಚಿಕ್ಕಪ್ಪನ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದೆ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಚಿಕ್ಕಪ್ಪನಿಗೆ ಬರುತ್ತಿತ್ತು. ಹೀಗಾಗಿ ಮನೆಯ ಮಾತೆಲ್ಲ ಚಿಕ್ಕಪ್ಪನದೇ. ಕಚೇರಿಗೆ ಅವನೇ, ಪಂಚಾಯ್ತಿಗೆ ಅವನೇ, ದೇವರ ಹತ್ತಿರ ಮಾತಾಡುವುದಕ್ಕೂ ಅವನೇ.

ನಾನು ಹತ್ತನೆಯದನ್ನು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ನಮ್ಮೂರಲ್ಲಿ ಅಲ್ಲಿಯ ತನಕ ಯಾವ ಹುಡುಗಿಯೂ ಹಾಗೆ ಪಾಸಾಗಿರಲಿಲ್ಲ. ನನಗೆ ವಿಜ್ಞಾನ ಓದಬೇಕಿತ್ತು. ಶಾಲೆಯ ವಿಜ್ಞಾನದ ಮೇಷ್ಟ್ರು ಒಂದು ಗಾಜಿನ ನಳಿಕೆಯಲ್ಲಿ ನೀಲಿ ನೀರನ್ನು ಕೆಂಪು ಮಾಡಿ ತೋರಿಸಿದ್ದರು. ಅದು ಯಾಕೆ ಹಾಗಾಯಿತು ಎಂದು ಪೂರ್ತಿ ತಿಳಿಯುವ ತನಕ ನಾನು ಸಾಯಬಾರದು ಎಂದುಕೊಂಡಿದ್ದೆ. ಹದಿನಾರರ ಹುಡುಗಿಯ ಆಸೆ ಅಷ್ಟೇ, ಅದಕ್ಕಿಂತ ದೊಡ್ಡದೇನಲ್ಲ.

ಅಪ್ಪನಿಗೆ ಸುದ್ದಿ ಮುಟ್ಟಿತು. ಅವನು ಕುರಿ ಹಟ್ಟಿಯಿಂದಲೇ ಚಿಕ್ಕಪ್ಪನಿಗೆ ಹೇಳಿ ಕಳಿಸಿದ, ‘ಅಮ್ಮನ್ನ ಒಂದು ಮಾತು ಕೇಳಸು, ಆಕಿ ಹೂಂ ಅಂದ್ರ ಓದಲಿ’ ಎಂದು. ಅಮ್ಮ ಎಂದರೆ ನಮ್ಮ ಊರಮ್ಮ. ನಮ್ಮಲ್ಲಿ ಹೊಲ ಕೊಳ್ಳುವುದಿರಲಿ, ಸೊಸೆ ತರುವುದಿರಲಿ, ಅವಳ ಹತ್ತಿರ ಹೂ ಕೇಳದೆ ಮಾಡುವುದಿಲ್ಲ. ಪೂಜಾರಿ ಅವಳ ಎರಡೂ ಭುಜಕ್ಕೆ ನೀರಿನಲ್ಲಿ ಅದ್ದಿದ ಹೂ ಅಂಟಿಸುತ್ತಾನೆ. ಕೇಳುವವರು ಗುಡಿಯೊಳಗೆ ನಿಂತು ಮನಸ್ಸಿನ ವಾಕ್ಯವನ್ನು ಬಾಯಿಬಿಟ್ಟು ಹೇಳುತ್ತಾರೆ. ಬಲಗಡೆಯ ಹೂ ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಬಲಕ್ಕೆ ಬಿತ್ತೆಂದರೆ ಕೇಳುವವರ ಮನೆಯಲ್ಲಿ ಹಬ್ಬ. ಕೇಳಿದವರಿಗೆ ಅಮ್ಮ ಬಲಕ್ಕೆ ಕೊಡುವುದೇ ಹೆಚ್ಚು, ಎಡಕ್ಕೆ ಅಪರೂಪ.

ಚಿಕ್ಕಪ್ಪ ಒಬ್ಬನೇ ಹೋದ. ನಾನು ಬಾಗಿಲಲ್ಲಿ ಕಾಯುತ್ತ ನಿಂತಿದ್ದೆ. ಅರ್ಧ ತಾಸಿನ ಮೇಲೆ ಬಂದ. ರುಮಾಲಿನ ಮಡಿಕೆಯಲ್ಲಿ ಹೂವಿತ್ತು, ಮುಖವೆಲ್ಲ ನಗು. ಓಣಿಯ ತುದಿಯಿಂದಲೇ ‘ಬಲಕ್ಕ ಕೊಟ್ಟಳು! ಅಮ್ಮ ಬಲಕ್ಕ ಕೊಟ್ಟಳು!’ ಎಂದು ಕೂಗಿಕೊಂಡು ಬಂದ. ನಾನು ಓಡಿ ಹೋಗಿ ಅವನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಓಣಿಯ ನಡುವೆ, ಮಣ್ಣಿನಲ್ಲಿ ಮೊಣಕಾಲೂರಿ. ಅವನು ನನ್ನ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದವನ್ನೂ ಮಾಡಿದ.

ಆಮೇಲೆ ಹೇಳಿದ: ‘ಹುಡುಗಿ ಮನ್ಯಾಗ ಉಳಿಬೇಕೇನವ್ವಾ ಅಂತ ಕೇಳಿದೆ. ಒಂಚೂರೂ ತಡ ಮಾಡಲಿಲ್ಲ ನೋಡು ತಾಯಿ, ಪಟ್ಟಂತ ಬಲಕ್ಕ ಕೊಟ್ಟಳು.’

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಮ್ಮಲ್ಲಿ ಪೂಜಾರಿಯದೇನೂ ತಪ್ಪಿರಲಿಲ್ಲ, ದೇವರದೂ ತಪ್ಪಿರಲಿಲ್ಲ. ಅಮ್ಮ ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದಳು. ಓದಲೇನು ಎಂದು ಕೇಳಬೇಕಾದವನು ಉಳಿಯಲೇನು ಎಂದು ವಾಕ್ಯವನ್ನೇ ತಿರುವಿ ಇಟ್ಟಿದ್ದ. ಯಾಕೆ ಎಂಬುದು ಮನೆಯೊಳಗೇ ಇತ್ತು. ಚಿಕ್ಕಮ್ಮ ಬಾಣಂತಿ, ಹೆರಿಗೆಯಲ್ಲಿ ಸತ್ತು ಬದುಕಿದವಳು, ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. ತೊಟ್ಟಿಲಲ್ಲಿ ಒಂದು ಗಂಡು ಕೂಸು. ಅದನ್ನು ನೋಡಿಕೊಳ್ಳುವ ಜನ ಬೇಕಿತ್ತು. ‘ನಾಲ್ಕು ದಿನ ಇರವ್ವಾ, ಕೂಸು ದೊಡ್ಡದಾಗ್ಲಿ’ ಎಂದು ಬಾಯಿಬಿಟ್ಟು ಕೇಳಿದ್ದರೆ ನಾನು ಇರುತ್ತಿದ್ದೆನೋ ಏನೋ. ಅವನು ನನ್ನನ್ನು ಕೇಳಲಿಲ್ಲ.

ಮಳೆಗಾಲಕ್ಕೆ ಅಪ್ಪ ಬಂದ. ನಾನು ಅತ್ತೆ. ಅಪ್ಪ ತಲೆ ತಗ್ಗಿಸಿ, ‘ಅಮ್ಮನ ಮಾತು ಮೀರಾಕ ಬರ್ತೈತೇನವ್ವಾ’ ಎಂದ. ಎರಡು ವರ್ಷ ನಾನು ಆ ಕೂಸನ್ನು ಸೊಂಟದ ಮೇಲೆ ಹೊತ್ತು ತಿರುಗಿದೆ. ತೊಡೆಯ ಮೇಲೆ ಹಾಕಿ ಎಣ್ಣೆ ತಿಕ್ಕಿ ಎರೆದೆ, ನುಚ್ಚು ಉಣಿಸಿದೆ. ಅದು ಮೊದಲು ಕರೆದದ್ದು ಅವ್ವಾ ಎಂದಲ್ಲ, ಅಕ್ಕಾ ಎಂದು. ತೊಟ್ಟಿಲು ತೂಗುತ್ತ ಅದರ ಅಪ್ಪನಿಗೆ ಶಾಪ ಹಾಕುತ್ತಿದ್ದೆ. ಆದರೆ ಕೂಸಿನ ಮೇಲೆ ಎಂದೂ ಸಿಟ್ಟು ಬರಲಿಲ್ಲ. ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಹುಟ್ಟಿದವರಿಗಿಂತ ಅವನು ನನಗೆ ಒಂದು ಗುಲಗಂಜಿ ಹೆಚ್ಚು.

ಕೂಸು ಓಡಾಡತೊಡಗಿದ ಮೇಲೆ ಅವ್ವ ಜಗಳ ತೆಗೆದು ನನ್ನನ್ನು ಕೊಟ್ಟೂರಿನ ಬಸ್ಸು ಹತ್ತಿಸಿದಳು. ಎರಡು ವರ್ಷ ಪುಸ್ತಕ ಮುಟ್ಟದವಳಿಗೆ ವಿಜ್ಞಾನ ಯಾರು ಕೊಡುತ್ತಾರೆ? ಆರ್ಟ್ಸ್ ಸಿಕ್ಕಿತು. ಓದಿದೆ, ಮೇಡಂ ಆದೆ, ಸಂಬಳ ಬಂತು. ಎಲ್ಲರೂ ಚೆನ್ನಾಗಾಯಿತಲ್ಲ ಎಂದರು. ಚಿಕ್ಕಪ್ಪ ಅಂತೂ ನನ್ನ ಮದುವೆಯಲ್ಲಿ ಬೀಗರೆದುರು, ‘ನಾನೇ ಓದಿಸಿದ ಹುಡುಗಿ’ ಎಂದ. ನನ್ನ ತಲೆಯ ಮೇಲೆ ಅಕ್ಕಿಕಾಳು ಬೀಳುತ್ತಿತ್ತು, ಇಲ್ಲದಿದ್ದರೆ ಅಂದೇ ಒಂದು ಕೈ ನೋಡಿಬಿಡುತ್ತಿದ್ದೆ.

ಆದ್ದರಿಂದ ಆ ಬೆಂಚು. ಮೊದಲ ದಿನ ತಂದೆತಾಯಿಯರನ್ನು ಕೂರಿಸಿಕೊಂಡು ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ‘ಯಾರ್‍ಯಾರ ಮನ್ಯಾಗ ಹೂ ಕೇಳೀರಿ?’ ಮೊದಮೊದಲು ನಾಚಿಕೊಳ್ಳುತ್ತಾರೆ. ಮೆಲ್ಲಗೆ ಒಂದೊಂದೇ ಕೈ ಮೇಲೇಳುತ್ತದೆ. ‘ಏನಂತ ಕೇಳಿದ್ರಿ? ಇದ್ದದ್ದು ಇದ್ದಂಗ ಹೇಳ್ರಿ.’ ಆಗ ಹೊರಬೀಳುತ್ತದೆ. ಒಬ್ಬ ‘ಈ ವರ್ಷ ಲಗ್ನ ಮಾಡ್ಲೇನು’ ಎಂದು ಕೇಳಿದ್ದಾನೆ. ಇನ್ನೊಬ್ಬಳು ‘ದೂರ ಕಳಿಸಿದ್ರ ಕೆಟ್ಟದ್ದಾಗತೈತೇನು’ ಎಂದು ಕೇಳಿದ್ದಾಳೆ. ಎಲ್ಲರಿಗೂ ಬಲಕ್ಕೇ ಬಿದ್ದಿರುತ್ತದೆ. ಬೀಳದೆ ಏನು ಮಾಡೀತು? ಅವರನ್ನೆಲ್ಲ ನಾನು ವಾಪಸು ಕಳಿಸುತ್ತೇನೆ. ‘ಹೋಗ್ರಿ, ಹುಡುಗಿನ್ನ ಗುಡಿಯೊಳಗ ಕರಕೊಂಡು ಹೋಗ್ರಿ. ಆಕಿ ಎದುರಿಗೇ ಕೇಳ್ರಿ. ಕಾಲೇಜಿಗೆ ಹೋಗಬೇಕೇನು ಅಂತ ನೆಟ್ಟಗ ಕೇಳ್ರಿ.’ ದೇವರ ಗೊಡವೆ ನಿನಗ್ಯಾಕೆ ಎಂದು ಶಾಲೆಯ ಜೊತೆಗಾರರು ಬೈದರು. ದೇವರ ಗೊಡವೆಗೆ ನಾನು ಹೋಗಿಲ್ಲ, ಕೇಳುವವರ ಗೊಡವೆಗೆ ಹೋಗಿದ್ದೇನೆ. ಯಾಕೆಂದು ಮಾತ್ರ ಯಾರಿಗೂ ಹೇಳಿರಲಿಲ್ಲ.

ಅದಾದ ಮೇಲೆ ಉಳಿದ ಕೆಲಸ. ಟಿ.ಸಿ., ಅಂಕಪಟ್ಟಿ, ಜಾತಿ ಆದಾಯ ಪ್ರಮಾಣಪತ್ರ. ಆಧಾರ್ ಕಾರ್ಡಿನ ಹೆಸರು ಅಂಕಪಟ್ಟಿಯ ಹೆಸರಿಗೆ ತಾಳೆಯಾಗುವುದಿಲ್ಲ, ಅದನ್ನು ಸರಿಮಾಡಿಸಬೇಕು. ಹರಪನಹಳ್ಳಿಯ ಹಾಸ್ಟೆಲ್ಲಿಗೆ ಅರ್ಜಿ, ಕೂಡ್ಲಿಗಿಗೆ ಹೋಗುವವರ ಬಸ್ ಪಾಸು. ಒಮ್ಮೆ ಒಬ್ಬ ಕುರಿಗಾರ ಮಗಳ ಅಂಕಪಟ್ಟಿ ಭದ್ರವಾಗಿರಲೆಂದು ಕಂಬಳಿಯೊಳಗೆ ಸುತ್ತಿಟ್ಟು, ಮರೆತು, ಅದೇ ಕಂಬಳಿ ಹೆಗಲಿಗೆ ಹಾಕಿಕೊಂಡು ಹಿಂಡಿನ ಜೊತೆ ಹೋಗಿಬಿಟ್ಟಿದ್ದ. ಊರೂರಿಗೆ ಫೋನು ಹಚ್ಚಿ ಅವನನ್ನು ಹುಡುಕಿಸಿದೆ. ಅಂಕಪಟ್ಟಿ ಬಂತು, ಕುರಿಯ ವಾಸನೆ ಹೊತ್ತು. ಆ ಹುಡುಗಿಗೆ ನಾನು ವಿಜ್ಞಾನವನ್ನೇ ಕೊಡಿಸಿದೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಹುಡುಗರು ಬಂದರೆ ಏನು ಓದುತ್ತೀಯೋ ಎಂದು ಕೇಳುತ್ತಿದ್ದೆ. ಹುಡುಗಿಯರು ಬಂದರೆ ನನ್ನ ಪೆನ್ನು ತಾನಾಗಿಯೇ ವಿಜ್ಞಾನದ ಕಡೆ ಓಡುತ್ತಿತ್ತು. ಒಬ್ಬಳು ದೀಪಾವಳಿಗೆ ಊರಿಗೆ ಬಂದಾಗ, ಭೌತಶಾಸ್ತ್ರ ತಲೆಗೆ ಹತ್ತುತ್ತಿಲ್ಲ ಎಂದು ನನ್ನ ಮುಂದೆ ಅತ್ತಳು. ಅವಳಿಗೆ ಸಮಾಧಾನ ಹೇಳುವ ಬದಲು ಬೈದು ಕಳಿಸಿದ್ದೆ. ‘ನಿನಗ ಸಿಕ್ಕೈತಿ, ಬೆಲಿ ಗೊತ್ತಿಲ್ಲ’ ಎಂದಿದ್ದೆ.

ಈ ವರ್ಷ ಚಿಕ್ಕಪ್ಪನ ಮೊಮ್ಮಗಳು ಹತ್ತನೆಯದು ಪಾಸಾದಳು. ಎಂದರೆ, ನಾನು ಸೊಂಟದ ಮೇಲೆ ಹೊತ್ತ ಆ ಕೂಸಿನ ಮಗಳು. ಒಳ್ಳೆಯ ಅಂಕ. ಫಲಿತಾಂಶ ಬಂದ ಸಂಜೆಯೇ ಆ ತಮ್ಮ ಫೋನು ಮಾಡಿದ.

‘ಅಕ್ಕಾ, ಅಪ್ಪ ಹೂ ಕೇಳಸ್ತೀನಿ ಅಂತಾನ. ಹುಡುಗಿ ಹಡಗಲ್ಯಾಗ ಆರ್ಟ್ಸ್ ಓದ್ಲಿ ಅಂತ ಅಂವಂದು. ನನಗೇನು ತಿಳಿತೈತಿ? ನೀ ಮಂಗಳವಾರ ಬಾ.’

ಹಡಗಲಿಯಲ್ಲಿ ಆರ್ಟ್ಸ್. ನನ್ನ ಕಿವಿಯಲ್ಲಿ ಕಾದೆಣ್ಣೆ ಹೊಯ್ದ ಹಾಗಾಯಿತು. ಹಡಗಲಿಯಲ್ಲಿ ಚಿಕ್ಕಪ್ಪನ ಮಗಳ ಮನೆ ಇದೆ. ಅಲ್ಲಿಟ್ಟರೆ ಕೆಲಸಕ್ಕೂ ಆಯಿತು, ಓದಿಗೂ ಆಯಿತು ಎಂದು ಮುದುಕ ಲೆಕ್ಕ ಹಾಕಿದ್ದಾನೆ ಎಂದು ತೀರ್ಮಾನಿಸಿಬಿಟ್ಟೆ. ಮಂಗಳವಾರದ ತನಕ ನನಗೆ ಊಟ ರುಚಿಸಲಿಲ್ಲ ಎಂದರೆ ಸುಳ್ಳು. ಚೆನ್ನಾಗಿ ಉಂಡೆ. ಇಷ್ಟು ವರ್ಷದ ಮೇಲೆ ಅವನು ತಾನಾಗಿ ನನ್ನ ಕೈಗೆ ಸಿಕ್ಕಿದ್ದ.

ಮಂಗಳವಾರ ಬೆಳಿಗ್ಗೆ ಗುಡಿಯಲ್ಲಿ ಐದು ಜನ. ಚಿಕ್ಕಪ್ಪ, ತಮ್ಮ, ಅವನ ಮಗಳು, ನಾನು, ಪೂಜಾರಿ. ಚಿಕ್ಕಪ್ಪನಿಗೆ ಎಂಬತ್ತರ ಹತ್ತಿರ. ಬೆನ್ನು ಇನ್ನೂ ನೆಟ್ಟಗಿದೆ, ರುಮಾಲೂ ಹಾಗೇ ಇದೆ. ಪೂಜಾರಿ ಅಮ್ಮನ ಭುಜಕ್ಕೆ ಹೂ ಅಂಟಿಸಿ ಹಿಂದೆ ಸರಿದ. ಚಿಕ್ಕಪ್ಪ ಕೈ ಮುಗಿದು ಬಾಯಿ ತೆರೆಯುವಷ್ಟರಲ್ಲಿ ನಾನು ಮುಂದೆ ಬಂದೆ.

‘ಮನಿ ಹೆಣ್ಣುಮಗಳು ನಾನು. ಈ ಸಲ ನಾ ಕೇಳ್ತೀನಿ’ ಎಂದೆ.

ಹೆಣ್ಣುಮಗಳು ಕೇಳಿದರೆ ಬೇಡ ಅನ್ನುವ ಪದ್ಧತಿ ನಮ್ಮಲ್ಲಿ ಇಲ್ಲ. ಚಿಕ್ಕಪ್ಪ ಪಕ್ಕಕ್ಕೆ ಸರಿದ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ನಾನು ದೊಡ್ಡ ದನಿ ತೆಗೆದು ಕೇಳಿದೆ: ‘ತಾಯೀ, ಈ ಕೂಸು ಸೈನ್ಸ್ ಓದಾಕ ಹರಪನಹಳ್ಳಿಗೆ ಹೋಗಬೇಕಂದ್ರ ಬಲಕ್ಕ ಕೊಡು. ಸೈನ್ಸ್ ಓದಾಕ ಕೊಟ್ಟೂರಿಗೆ ಹೋಗಬೇಕಂದ್ರ ಎಡಕ್ಕ ಕೊಡು.’

ಪೂಜಾರಿ ನನ್ನ ಮುಖ ನೋಡಿದ. ತಮ್ಮನಿಗೆ ಏನೂ ಹೊಳೆಯಲಿಲ್ಲ, ಕಣ್ಣು ಮುಚ್ಚಿ ಕೈ ಮುಗಿದೇ ಇದ್ದ. ಚಿಕ್ಕಪ್ಪನಿಗೆ ಹೊಳೆಯಿತು. ಹೂ ಎತ್ತ ಬಿದ್ದರೂ ವಿಜ್ಞಾನವೇ ಎಂಬುದು ಅವನಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು? ಅವನ ಗದ್ದ ಸ್ವಲ್ಪ ಅಲುಗಾಡಿತು. ಆ ಮುಖ ನೋಡುವುದಕ್ಕೆ ನಾನು ಮೂವತ್ತೆಂಟು ವರ್ಷ ಕಾದಿದ್ದೆ. ಕಣ್ತುಂಬ ನೋಡಿದೆ.

ಹೂ ಬಲಕ್ಕೆ ಬಿತ್ತು.

‘ಬಲಕ್ಕ ಕೊಟ್ಟಳು! ಅಮ್ಮ ಬಲಕ್ಕ ಕೊಟ್ಟಳು!’ ಎಂದು ಕೂಗಿದೆ. ಅಂದು ಓಣಿಯಲ್ಲಿ ಅವನು ಕೂಗಿದ್ದ ಅದೇ ರಾಗದಲ್ಲಿ, ಒಂದು ಅಕ್ಷರ ಬಿಡದೆ. ಅಮ್ಮನಿಗೆ ತಮ್ಮ ಅಡ್ಡಬಿದ್ದ. ನನ್ನ ಕಾಲನ್ನೂ ಮುಟ್ಟಲು ಬಂದ, ನಾನು ತಡೆದೆ.

ಹೊರಗೆ ಕಟ್ಟೆಯ ಮೇಲೆ ಕೂತು ಚೀಲದಿಂದ ಅರ್ಜಿ ತೆಗೆದೆ. ಹರಪನಹಳ್ಳಿಯದು, ವಿಜ್ಞಾನ ಎಂದು ಮನೆಯಲ್ಲೇ ಬರೆದುಕೊಂಡು ಬಂದಿದ್ದೆ. ಸಹಿ ಮಾಡು ಎಂದು ಹುಡುಗಿಯ ಕೈಗೆ ಪೆನ್ನು ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ.

‘ಅತ್ತಿ, ನನಗ ಸೈನ್ಸ್ ಬ್ಯಾಡ’ ಎಂದಳು.

‘ಯಾರು ಹೇಳಿಕೊಟ್ರು? ನಿಮ್ಮ ತಾತನಾ?’

‘ಇಲ್ಲ. ತಾತ ನನ್ನ ಕೇಳ್ಯಾನ. ಏನು ಓದ್ತಿ ಅಂತ ಮೂರು ಸಲ ಕೇಳ್ಯಾನ. ನಾನೇ ಹೇಳೀನಿ, ಇತಿಹಾಸ ಓದ್ತೀನಿ, ಅತ್ತಿಯಂಗ ಮೇಡಂ ಆಗ್ತೀನಿ, ಹಡಗಲಿ ಹಾಸ್ಟೆಲ್ಲಿನಾಗ ನನ್ನ ಗೆಳತಿ ಅದಾಳ ಅಂತ. ಅದನ್ನ ಅಮ್ಮನ ಮುಂದ ಕೇಳಾಕ ಬಂದಿದ್ದ ತಾತ. ನೀ ನನ್ನ ಕೇಳಲೇ ಇಲ್ಲ.’

ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ, ಮೊದಲು ಬಂದದ್ದು ಸಿಟ್ಟು. ನನ್ನನ್ನು ಒಂದು ಸಲವೂ ಕೇಳದ ಮನುಷ್ಯ ಇವಳನ್ನು ಮೂರು ಸಲ ಕೇಳಿದ್ದಾನೆ. ಯಾರಿಂದ ಕಲಿತ? ಯಾವಾಗ ಕಲಿತ? ಕಲಿತವನು ನನ್ನ ಹತ್ತಿರ ಬಂದು ಒಂದು ಮಾತು ಯಾಕೆ ಹೇಳಲಿಲ್ಲ?

ಮಗಳಿಗೆ ತಮ್ಮ ಗದರಿದ. ‘ಅಮ್ಮ ಕೊಟ್ಟ ಮ್ಯಾಲೆ ಮುಗೀತು. ಹರಪನಹಳ್ಳಿಗೇ ಹೋಗಬೇಕು. ಸಹಿ ಮಾಡು.’ ಅವನು ನನ್ನ ಅಪ್ಪನ ಹಾಗೆಯೇ. ಅಮ್ಮನ ಹೂ ಎಂದರೆ ಅವನಿಗೆ ಕಲ್ಲಿನ ಮೇಲಿನ ಬರಹ. ಹುಡುಗಿ ಪೆನ್ನು ಹಿಡಿದು ಕಾಗದದ ಮೇಲೆ ಬಗ್ಗಿದಳು. ಚಿಕ್ಕಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಬಾಯಿ ಬಿಡಲಿಲ್ಲ. ಬಿಟ್ಟರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವನಿಗೆ ಗೊತ್ತಿತ್ತು.

ಆಗಿಹೋಗಲಿ, ಒಂದು ಸಹಿ, ವಿಜ್ಞಾನ ಓದಿ ಯಾರೂ ಸತ್ತಿಲ್ಲ ಎಂದುಕೊಂಡೆ. ಆಮೇಲೆ ಅವಳ ಕೈಯಿಂದ ಕಾಗದ ಕಿತ್ತುಕೊಂಡೆ. ಹುಡುಗಿಯ ಮೇಲಿನ ಕರುಣೆಗೆ ಹಾಗೆ ಮಾಡಿದೆ ಎಂದು ಹೇಳಿಕೊಳ್ಳಬಹುದು, ಕೇಳುವವರು ಮೆಚ್ಚಿಯಾರು. ಆದರೆ ಆ ಗಳಿಗೆಯಲ್ಲಿ ನನಗೆ ಕಂಡದ್ದು ಬೇರೆ. ಮುದುಕನನ್ನು ಅವನ ಮಗನೆದುರೇ ಬಯಲಿಗೆಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿರಲಿಲ್ಲ.

‘ಈ ಹೂವು ಲೆಕ್ಕಕ್ಕಿಲ್ಲ’ ಎಂದು ತಮ್ಮನಿಗೆ ಹೇಳಿದೆ. ‘ನಾ ವಾಕ್ಯ ಸೊಟ್ಟ ಇಟ್ಟು ಕೇಳೀನಿ. ಯಾ ಕಡಿ ಬಿದ್ರೂ ನಾ ಹೇಳಿದ್ದ ಆಗಬೇಕು, ಹಂಗ ಕೇಳೀನಿ. ಈ ವಿದ್ಯಾ ನನಗ ಎಲ್ಲಿಂದ ಬಂತು ಗೊತ್ತೇನು? ನಿಮ್ಮಪ್ಪ ಕಲಿಸಿದ್ದು. ಕೇಳು ಅವನ್ನ.’

ಅಪ್ಪನ ಕಡೆ ತಮ್ಮ ತಿರುಗಿದ. ‘ಏನಪ್ಪಾ ಇದು?’

ಚಿಕ್ಕಪ್ಪ ಹೇಳುತ್ತಾನೆಂದು ನಾನು ಎಣಿಸಿರಲಿಲ್ಲ. ಜಾರಿಕೊಳ್ಳುತ್ತಾನೆ, ಆಗ ಇನ್ನೂ ನಾಲ್ಕು ಮಾತು ಆಡಬಹುದು ಎಂದು ನಾಲಿಗೆ ಮಸೆದುಕೊಂಡು ನಿಂತಿದ್ದೆ. ಅವನು ಎಲ್ಲವನ್ನೂ ಹೇಳಿದ. ನನ್ನ ಅಂಕ, ಅಪ್ಪ ಹೇಳಿ ಕಳಿಸಿದ್ದು, ತಾನು ಕೇಳಿದ ವಾಕ್ಯ, ಓಣಿಯಲ್ಲಿ ನಾನು ಕಾಲು ಮುಟ್ಟಿದ್ದು. ಅವನಿಗೂ ಅದು ನೆನಪಿತ್ತು.

‘ಯಾಕ ಹಂಗ ಮಾಡಿದಿ?’ ಎಂದ ತಮ್ಮ.

‘ನಿನ್ನ ಸಲುವಾಗಿ’ ಎಂದ ಚಿಕ್ಕಪ್ಪ. ‘ನಿಮ್ಮವ್ವ ಮ್ಯಾಲೇಳತಿರಲಿಲ್ಲ. ನೀ ಇಪ್ಪತ್ತು ದಿನದ ಕೂಸು. ಈಕಿ ಹೋಗಿದ್ರ ನೀ ಉಳಿತಿರಲಿಲ್ಲ.’

ವಾಕ್ಯ ಸೊಟ್ಟಗಿದ್ದರೆ ಅಪ್ಪಣೆಗೆ ಬೆಲೆಯಿಲ್ಲ ಎಂದು ಪೂಜಾರಿ ಒಳಗಿನಿಂದ ಹೇಳಿದ. ಹುಡುಗಿಯನ್ನೇ ಒಳಗೆ ಕರೆದು ಬೇರೆ ಹೂ ಅಂಟಿಸಿದ. ಅವಳು ತಾನೇ ನಿಂತು ಕೇಳಿದಳು, ಹಡಗಲಿ, ಇತಿಹಾಸ, ಎಲ್ಲ ಸೇರಿಸಿ. ಬಲಕ್ಕೆ ಬಿತ್ತು. ನಾನು ಹೊಸ ಅರ್ಜಿ ತುಂಬಿಕೊಟ್ಟೆ. ಈಗ ಅವಳು ಹಾಸ್ಟೆಲ್ಲಿನಲ್ಲಿದ್ದಾಳೆ, ಚೆನ್ನಾಗಿ ಓದುತ್ತಿದ್ದಾಳಂತೆ.

ಆದರೆ ಅವಳು ಗುಡಿಯೊಳಗೆ ಕೇಳುತ್ತಿದ್ದಾಗ ಹೊರಗೆ ಕಟ್ಟೆಯ ಮೇಲೆ ತಮ್ಮ ಕೂತುಬಿಟ್ಟಿದ್ದ. ನಲವತ್ತರ ಹತ್ತಿರ ಬಂದ ಗಂಡಸು, ಚಿಕ್ಕ ಹುಡುಗನ ಹಾಗೆ ಎರಡೂ ಕೈ ತೊಡೆಯ ನಡುವೆ ಇಟ್ಟುಕೊಂಡು ಕೂತಿದ್ದ. ತಲೆಯೆತ್ತದೆ ಕೇಳಿದ.

‘ಅಕ್ಕಾ, ನಿನ್ನ ಕಾಲೇಜು ತಪ್ಪಿಸಿದ್ದು ನಾನಾ?’

ಅಲ್ಲಪ್ಪಾ, ಕೂಸಿನದೇನು ತಪ್ಪು ಎನ್ನಬೇಕಿತ್ತು. ಅದು ನಿಜವೂ ಆಗಿತ್ತು. ಹೇಳಲೆಂದು ಬಾಯಿ ತೆರೆದೆ. ಚಿಕ್ಕಪ್ಪ ಕಂಬದ ಹತ್ತಿರದಿಂದ ನನ್ನನ್ನೇ ನೋಡುತ್ತಿದ್ದ, ಅಲ್ಲ ಎಂದು ನಾನು ಹೇಳಲಿ ಎಂದು ಕಾಯುತ್ತಿದ್ದ. ಜೀವಮಾನದಲ್ಲಿ ಮೊದಲ ಸಲ ಅವನು ನನ್ನ ಹತ್ತಿರ ಏನನ್ನೋ ಬೇಡುತ್ತಿದ್ದ. ಅವನು ಬೇಡುತ್ತಿದ್ದಾನೆ ಎಂಬ ಒಂದೇ ಕಾರಣಕ್ಕೆ ನಾನು ಹೇಳಲಿಲ್ಲ.